ಮೂರಕ್ಕೂ ಎಂಟಕ್ಕೂ ನಡುವೆ

ಹುಲಿಗೆಮ್ಮನ ಅಪ್ಪ ಕರಿಸಿದ್ದಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ನು. ಬೀರೂರು ಬಿಟ್ಟು ಅಜ್ಜಂಪುರದ ಕಡೆ ಹೋಗುವ ಹಳಿಯ ಪಕ್ಕ, ಹೊಸಕಟ್ಟೆ ಗೇಟಿನ ಹತ್ತಿರ ಸಾಲಾಗಿ ಕಟ್ಟಿದ ಕ್ವಾರ್ಟರ್ಸಿನಲ್ಲಿ ಕೊನೆಯದು ಅವರ ಮನೆ. ಮನೆ ಅಂದರೆ ಏನು ಮಹಾ, ಒಂದು ಕೋಣೆ, ಒಂದು ಒಲೆ. ರೈಲು ಹೋದಾಗಲೆಲ್ಲ ಗೂಡಿನಲ್ಲಿಟ್ಟ ಪಾತ್ರೆಗಳು ಗಡಗಡ ಅನ್ನುತ್ತಿದ್ದವು. ಆ ಸದ್ದಿನಲ್ಲೇ ಹುಟ್ಟಿ, ಆ ಸದ್ದಿನಲ್ಲೇ ಮಗ್ಗಿ ಕಲಿತ ಹುಡುಗಿ ಅವಳು. ಹತ್ತನೇ ತರಗತಿಗೆ ಬರುವ ಹೊತ್ತಿಗೆ ಹೊಸಕಟ್ಟೆಯ ಮಠದ ಹೈಸ್ಕೂಲಿನಲ್ಲಿ ಲೆಕ್ಕದಲ್ಲಿ ಅವಳನ್ನು ಮೀರಿಸುವವರೇ ಇರಲಿಲ್ಲ. ಬೇರೆಯವರಿಗೆ ಕಬ್ಬಿಣದ ಕಡಲೆಯಾದದ್ದು ಅವಳಿಗೆ ಹುರಿಗಡಲೆ.

ಅವಳು ಹತ್ತನೇ ತರಗತಿವರೆಗೆ ಬಂದದ್ದೇ ಅಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ದೇವೀರಪ್ಪ ಮೇಷ್ಟ್ರಿಂದ. ಏಳನೆಯದು ಮುಗಿಯುತ್ತಲೂ ಕರಿಸಿದ್ದಪ್ಪ, ಹೆಣ್ಣುಡುಗಿಗೆ ಇಷ್ಟು ಸಾಕು ಅಂತ ಶಾಲೆ ಬಿಡಿಸಿಬಿಟ್ಟಿದ್ದ. ಒಂದು ಮಟಮಟ ಮಧ್ಯಾಹ್ನ ಮೇಷ್ಟ್ರು ಸೈಕಲ್ಲು ತಳ್ಳಿಕೊಂಡು ಹಳಿ ಪಕ್ಕದಲ್ಲೇ ನಡೆದು ಬಂದರು. ಹಣೆ ತುಂಬ ವಿಭೂತಿ, ಮೈಯೆಲ್ಲ ಬೆವರು. ಅಂಗಳದಲ್ಲಿ ಬಿದ್ದಿದ್ದ, ಹಳಿಯಡಿಯಿಂದ ಕಿತ್ತ ಹಳೇ ಸ್ಲೀಪರ್ ಮರದ ಮೇಲೆ ಕೂತರು. ‘ಬಾಯಾರಿಕೆ ಕಣಮ್ಮಾ, ಮಜ್ಜಿಗೆ ಇದ್ರೆ ಕೊಡು’ ಅಂದರು. ಹುಲಿಗೆಮ್ಮನ ಅವ್ವ ಯಲ್ಲಮ್ಮ ಗಾಬರಿಯಿಂದ ಗಂಡನ ಮುಖ ನೋಡಿದಳು. ಮೇಷ್ಟ್ರ ಜನ ಆ ಕ್ವಾರ್ಟರ್ಸಿನಲ್ಲಿ ಹನಿ ನೀರನ್ನೂ ಮುಟ್ಟಿದ್ದು ಯಾರೂ ಕಂಡಿರಲಿಲ್ಲ. ‘ನಮ್ಮನೇದು ನೀವು ಹೆಂಗೆ ಬುದ್ಧೀ...’ ಅಂತ ಅವಳು ತೊದಲಿದರೆ, ‘ನಿಮ್ಮನೇಲಿ ಹುಳಿ ಬಂದಿರುತ್ತಾ? ಪರ್ವಾಗಿಲ್ಲ, ಕೊಡು’ ಅಂದರು ಮಹಾನುಭಾವರು. ಲೋಟ ಎತ್ತಿ ಗಟಗಟ ಕುಡಿದೇಬಿಟ್ಟರು. ಆಮೇಲೆ ಮಗಳ ಓದಿನ ಮಾತೆತ್ತಿದಾಗ ಕರಿಸಿದ್ದಪ್ಪನ ಬಾಯಿಂದ ಇಲ್ಲ ಅನ್ನುವ ಮಾತು ಹೊರಡಲಿಲ್ಲ. ಆ ಲೋಟವನ್ನು ಹುಲಿಗೆಮ್ಮ ಮರೆಯಲಿಲ್ಲ. ಮರೆತಿದ್ದರೆ ಅವಳ ಬದುಕು ಬೇರೆ ಥರ ಆಗುತ್ತಿತ್ತೋ ಏನೋ.

ಶಾಲೆ ನಡೆಸುವ ಮಠಕ್ಕೆ ಒಂದು ಪದ್ಧತಿ ಇತ್ತು. ವರ್ಷವರ್ಷವೂ ಶಾಲಾ ಇನ್ಸ್‌ಪೆಕ್ಟರು ತನಿಖೆಗೆ ಬಂದಾಗ ಹತ್ತನೇ ತರಗತಿಯಲ್ಲಿ ಯಾರನ್ನು ತೋರಿಸಿ ‘ಇವನು ಓದಲಿ’ ಅನ್ನುತ್ತಾರೋ ಅವನ ಮುಂದಿನ ಓದು, ಊಟ, ವಸತಿ ಎಲ್ಲ ಮಠದ್ದು. ಅಲ್ಲಿಯವರೆಗೆ ಹೋದವರೆಲ್ಲ ಗಂಡುಹುಡುಗರೇ. ಆ ವರ್ಷ, ಎಪ್ಪತ್ತಾರರಲ್ಲಿ, ದೇವೀರಪ್ಪ ಮೇಷ್ಟ್ರು ಹಟ ಹಿಡಿದು ಹುಲಿಗೆಮ್ಮನ ಹೆಸರು ಮುಂದೆ ಮಾಡಿದರು. ಕರಿಸಿದ್ದಪ್ಪನೂ ಮಾತು ಕೊಟ್ಟ: ‘ಇನ್ಸ್‌ಪೆಕ್ಟ್ರು ಹೂಂ ಅಂದ್ರೆ ಚಿಕ್ಕಮಗಳೂರಿಗೆ ಹೋಗಿ ಓದ್ಕೋ ಹೋಗವ್ವ. ಇಲ್ಲಾಂದ್ರೆ ತರೀಕೆರೆ ಕಡೆ ಸಂಬಂಧ ಕಾಯ್ತಾ ಕೂತದೆ, ಪರೀಕ್ಷೆ ಮುಗಿದ ಮೇಲೆ ಮದ್ವೆ.’ ಹುಲಿಗೆಮ್ಮ ಅವತ್ತಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದಳು. ಎಲ್ಲಿಯ ತರೀಕೆರೆ, ಎಲ್ಲಿಯ ಮದುವೆ! ಅವಳಿಗೆ ಕಾಲೇಜು ಹತ್ತಿ ಲೆಕ್ಕ ಕಲಿಯಬೇಕಿತ್ತು, ಲೆಕ್ಕ ಕಲಿಸಬೇಕಿತ್ತು. ಅಷ್ಟೇ ಅವಳ ಆಸೆ.

ಆದರೆ ಆ ವರ್ಷ ಮೇಷ್ಟ್ರ ಗ್ರಹಚಾರ ನೆಟ್ಟಗಿರಲಿಲ್ಲ. ಪಠ್ಯಕ್ಕೆ ಹೊಸ ಗಣಿತ ಬಂದಿತ್ತು. ಅದನ್ನು ಹೇಳಿಕೊಡುವುದು ಹೇಗೆ ಅಂತ ಬೇಸಿಗೆಯಲ್ಲಿ ಮೇಷ್ಟ್ರುಗಳಿಗೆಲ್ಲ ತರಬೇತಿ ನಡೆದಾಗ ಇವರು ಟೈಫಾಯ್ಡು ಹಿಡಿದು ಹಾಸಿಗೆಯಲ್ಲಿದ್ದರು. ಎದ್ದ ಮೇಲೂ ಮೈ ಸುಧಾರಿಸಲಿಲ್ಲ. ಆಗಾಗ ಜ್ವರ ಬಂದು ಮಲಗುತ್ತಿದ್ದರು. ಆಗೆಲ್ಲ ಕ್ಲಾಸ್ ಲೀಡರ್ ಹುಲಿಗೆಮ್ಮನೇ ಬೋರ್ಡಿನ ಮುಂದೆ ನಿಂತು ಲೆಕ್ಕ ಮಾಡಿಸುತ್ತಿದ್ದಳು. ಇತ್ತ ಶಾಲೆಯ ಸೆಕ್ರೆಟರಿ ಚನ್ನಬಸಪ್ಪನ ಅಳಿಯ ಬಿಎಸ್ಸಿ ಮಾಡಿಕೊಂಡು ಕೆಲಸವಿಲ್ಲದೆ, ಮೇಷ್ಟ್ರ ಜಾಗದ ಮೇಲೆ ಕಣ್ಣಿಟ್ಟು ಕೂತಿದ್ದ. ಚನ್ನಬಸಪ್ಪ ಒಂದು ದಿನ ಕ್ಲಾಸಿನ ಬಾಗಿಲಲ್ಲೇ ನಿಂತು, ಮಕ್ಕಳ ಎದುರಿಗೇ, ‘ಹಳೇ ಕಾಲದೋರಿಗೆ ಹೊಸ ಲೆಕ್ಕ ಬರುತ್ತೋ ಇಲ್ವೋ, ಇನ್ಸ್‌ಪೆಕ್ಟ್ರು ಬರ್ಲಿ, ಗೊತ್ತಾಗುತ್ತೆ’ ಅಂದುಹೋದ. ಮೇಷ್ಟ್ರು ತಲೆ ತಗ್ಗಿಸಿ ಸೀಮೆಸುಣ್ಣದ ಪುಡಿ ಕೊಡವಿಕೊಂಡರು.

ಹೊಸ ಲೆಕ್ಕದಲ್ಲಿ ಮೇಷ್ಟ್ರನ್ನು ಕಾಡಿದ್ದು ವರ್ಗ ಅಸಮತೆ. ಇಪ್ಪತ್ತು ವರ್ಷ ಅವರು ವರ್ಗ ಸಮೀಕರಣ ಮಾಡಿಸಿದವರು. x² – 11x + 24 = 0 ಅಂತಿದ್ದರೆ (x – 3)(x – 8) = 0 ಅಂತ ಒಡೆದು, x = 3 ಅಥವಾ x = 8 ಅಂತ ಬರೆಸಿ ಕೈ ತೊಳೆದುಕೊಳ್ಳುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ಈಗ ಸಮ ಚಿಹ್ನೆ ಇದ್ದ ಕಡೆ ‘ಸೊನ್ನೆಗಿಂತ ಕಡಿಮೆ’ ಅನ್ನುವ ಚಿಹ್ನೆ ಬಂದಿತ್ತು. ‘ಏನೂ ಹೆದರಬೇಡ್ರೋ, ಸಮ ಇದ್ದ ಜಾಗದಲ್ಲೆಲ್ಲ ಈ ಚಿಹ್ನೆ ಹಾಕ್ಕೊಂಡ್ ಹೋಗಿ, ಅಷ್ಟೇ’ ಅಂದರು ಮೇಷ್ಟ್ರು. x < 3 ಅಥವಾ x < 8. ಕ್ಲಾಸಿಗೆ ಕ್ಲಾಸೇ ಹಾಗೆ ಬರೆದುಕೊಂಡಿತು. ಮೇಷ್ಟ್ರು ಎಲ್ಲರಿಗೂ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿಕೊಟ್ಟರು.

ಹುಲಿಗೆಮ್ಮ ಮನೆಗೆ ಹೋಗಿ ಸುಮ್ಮನೆ ಒಂದನ್ನು ಹಾಕಿ ನೋಡಿದಳು. ಒಂದು ಮೂರಕ್ಕಿಂತ ಕಡಿಮೆ ತಾನೇ? ಒಂದರಲ್ಲಿ ಮೂರು ಕಳೆದರೆ ಮೈನಸ್ ಎರಡು, ಎಂಟು ಕಳೆದರೆ ಮೈನಸ್ ಏಳು. ಗುಣಿಸಿದರೆ ಹದಿನಾಲ್ಕು. ಹದಿನಾಲ್ಕು ಸೊನ್ನೆಗಿಂತ ಕಡಿಮೆ ಅಂದರೆ ಯಾರು ಒಪ್ಪುತ್ತಾರೆ! ಅವಳು ಹೊಸ್ತಿಲ ಮೇಲೆ ಕೂತು ಹಳಿ ನೋಡುತ್ತಾ ಯೋಚಿಸಿದಳು. ಅಪ್ಪನ ಗ್ಯಾಂಗಿನ ಬೀಟು, ಅಂದರೆ ಅವರು ನೋಡಿಕೊಳ್ಳಬೇಕಾದ ಹಳಿ, ಮೂರನೇ ಮೈಲಿಕಲ್ಲಿನಿಂದ ಎಂಟನೇ ಕಲ್ಲಿನವರೆಗೆ. ಅದರಿಂದಾಚೆಗೆ ಬೀರೂರಿನ ಕಡೆ ಒಬ್ಬ ಮೇಸ್ತ್ರಿ, ಅಜ್ಜಂಪುರದ ಕಡೆ ಇನ್ನೊಬ್ಬ. ಟ್ರಾಲಿಯಲ್ಲಿ ಬರುವ ಸಾಹೇಬರು ಒಂದೊಂದು ಬೀಟಿನಲ್ಲಿ ಒಂದು ಕಡೆ ಇಳಿದು ಬೋಲ್ಟು ಅಲ್ಲಾಡಿಸಿ ನೋಡುತ್ತಿದ್ದರು. ಒಂದು ಕಡೆ ಬಿಗಿ ಇದ್ದರೆ ಆ ಮೇಸ್ತ್ರಿಯ ಬೀಟೆಲ್ಲ ಬಿಗಿ. ಸಡಿಲ ಇದ್ದರೆ ಬೀಟೆಲ್ಲ ಸಡಿಲ. ಲೆಕ್ಕವೂ ಹಾಗೇ ಅಲ್ಲವೇ? ಚಿಹ್ನೆ ಬದಲಾಗುವುದು ಮೂರರಲ್ಲಿ ಮತ್ತು ಎಂಟರಲ್ಲಿ ಮಾತ್ರ. ಒಂದೊಂದು ಬೀಟಿನಲ್ಲಿ ಒಂದೊಂದು ಸಂಖ್ಯೆ ಇಳಿಸಿ ನೋಡಿದರಾಯಿತು. ಒಂದನ್ನು ಹಾಕಿದರೆ ಪ್ಲಸ್. ಐದನ್ನು ಹಾಕಿದರೆ ಎರಡು ಇಂಟು ಮೈನಸ್ ಮೂರು, ಮೈನಸ್ ಆರು. ಹತ್ತನ್ನು ಹಾಕಿದರೆ ಮತ್ತೆ ಪ್ಲಸ್. ಹಾಗಾದರೆ ಉತ್ತರ ಅಪ್ಪನ ಬೀಟು, ಮೂರಕ್ಕೂ ಎಂಟಕ್ಕೂ ನಡುವೆ. ಕಲ್ಲಿನ ಮೇಲೆ ನಿಂತರೆ ಸೊನ್ನೆ, ಅದು ಲೆಕ್ಕಕ್ಕಿಲ್ಲ. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು.

ಮಾರನೇ ದಿನ ಶಾಲೆ ಬಿಟ್ಟ ಮೇಲೆ, ಪುಸ್ತಕದಲ್ಲಿ ಹಳಿಯ ಹಾಗೆ ಗೆರೆ ಎಳೆದು ಎರಡು ಕಲ್ಲು ಬರೆದು ಮೇಷ್ಟ್ರ ಮುಂದೆ ಹಿಡಿದಳು. ಮೇಷ್ಟ್ರಿಗೆ ಅವತ್ತೂ ಸಣ್ಣಗೆ ಜ್ವರ. ಗೆರೆ ನೋಡಿದರು, ಕಲ್ಲು ನೋಡಿದರು, ಸಿಡುಕಿದರು. ‘ಗ್ಯಾಂಗ್ ಕೆಲಸದ ಲೆಕ್ಕ ತಂದು ಇಲ್ಲಿ ಬೆರೆಸ್ತೀಯಾ? ಇನ್ಸ್‌ಪೆಕ್ಟ್ರ ಮುಂದೆ ಈ ಅಧಿಕಪ್ರಸಂಗ ಬೇಡ. ನಾನು ಹೇಳ್ಕೊಟ್ಟಂಗೆ ಮಾಡು, ತಿಳೀತಾ?’ ಹುಲಿಗೆಮ್ಮ ‘ಹೂಂ ಸಾರ್’ ಅಂದಳು. ಮೇಷ್ಟ್ರು ತಪ್ಪು ಹೇಳಬಹುದು ಅನ್ನುವುದೇ ಆ ಶಾಲೆಯಲ್ಲಿ ಯಾರ ತಲೆಗೂ ಹೊಳೆಯದ ವಿಷಯ. ಅವಳಿಗೆ ಹೊಳೆದಿತ್ತು, ಅದಕ್ಕೇ ಅವಳಿಗೆ ಸಂಕಟ.

ಇನ್ಸ್‌ಪೆಕ್ಟರು ಬಂದರು. ಪಕ್ಕದಲ್ಲಿ ಚನ್ನಬಸಪ್ಪ ಮದುವಣಿಗನಂತೆ ಜರಿಪೇಟ ಸುತ್ತಿಕೊಂಡು ಕೂತಿದ್ದ. ಹಿಂದಿನ ಬೆಂಚಿನಲ್ಲಿ ಕರಿಸಿದ್ದಪ್ಪನೂ ಒಗೆದ ಶರ್ಟು ಹಾಕಿಕೊಂಡು ಮುದುಡಿ ಕೂತಿದ್ದ. ಮೇಷ್ಟ್ರೇ ಅವನನ್ನು ಕರೆಸಿದ್ದರು. ‘ಯಾರಮ್ಮ ಆ ಹುಡುಗಿ? ಬಾ ಇಲ್ಲಿ’ ಅಂದರು ಇನ್ಸ್‌ಪೆಕ್ಟರು. ಹೊಸ ಪಾಠದಿಂದಲೇ ಕೇಳುತ್ತೇನೆ ಅಂತ ಬೋರ್ಡಿನ ಮೇಲೆ ತಾವೇ ಬರೆದರು. ಅದೇ ಲೆಕ್ಕ. ಹನ್ನೊಂದು, ಇಪ್ಪತ್ನಾಲ್ಕು, ಸೊನ್ನೆಗಿಂತ ಕಡಿಮೆ.

ಸೀಮೆಸುಣ್ಣ ಹಿಡಿದು ಒಡೆದು ಬರೆದಳು: (x – 3)(x – 8) < 0. ಅಲ್ಲಿಯವರೆಗೆ ಎರಡು ದಾರಿಯೂ ಒಂದೇ. ಆಮೇಲೆ ಕೈ ನಿಂತಿತು. ತಿರುಗಿ ನೋಡಿದಳು. ಕ್ಲಾಸೆಲ್ಲ ಉತ್ತರ ಗೊತ್ತಿದ್ದವರ ಹಾಗೆ ಮುಂದೆ ಬಾಗಿತ್ತು. ಮೊದಲ ಬೆಂಚಿನ ರೇವಣಪ್ಪ, ಅವಳ ನಂತರ ಲೆಕ್ಕದಲ್ಲಿ ಅವನೇ, ಅವಳು ತಪ್ಪಿದರೆ ತಾನು ಹೇಳೋಣ ಅಂತ ಆಗಲೇ ಕೈ ಅರ್ಧ ಎತ್ತಿದ್ದ. ಮೂರಕ್ಕೂ ಎಂಟಕ್ಕೂ ನಡುವೆ ಅಂತ ಬರೆದಳೋ, ಮುಗಿಯಿತು. ‘ಇಲ್ಲ ಸಾರ್, ಮೇಷ್ಟ್ರು ಹೇಳ್ಕೊಟ್ಟಿದ್ದು ಹಿಂಗಲ್ಲ ಸಾರ್’ ಅಂತ ಕ್ಲಾಸೆಲ್ಲ ಒಟ್ಟಿಗೆ ಕೂಗುತ್ತದೆ. ಚನ್ನಬಸಪ್ಪನಿಗೆ ಬೇಕಾಗಿದ್ದೂ ಅದೇ. ಮೇಷ್ಟ್ರು ಕಿಟಕಿ ಪಕ್ಕ ನಿಂತು ಅವಳನ್ನೇ ನೋಡುತ್ತಿದ್ದರು, ಬರೆಯಮ್ಮ, ಬರೆಯಮ್ಮ ಅನ್ನುವ ಹಾಗೆ. ಆ ಮುಖದಲ್ಲಿ ಕಪಟ ಇರಲಿಲ್ಲ ಕಣ್ರೀ. ತಾವು ಹೇಳಿಕೊಟ್ಟದ್ದು ಸರಿ ಅಂತಲೇ ನಂಬಿದ್ದ ಮುಖ ಅದು. ಹುಲಿಗೆಮ್ಮನಿಗೆ ಆ ಮಜ್ಜಿಗೆ ಲೋಟ ನೆನಪಾಯಿತು.

ಅವಳು x < 3 ಅಥವಾ x < 8 ಅಂತ ಬರೆದು ಸೀಮೆಸುಣ್ಣ ಕೆಳಗಿಟ್ಟಳು.

‘ತಪ್ಪು’ ಅಂದರು ಇನ್ಸ್‌ಪೆಕ್ಟರು. ‘ಎಲ್ಲಿ, ಒಂದು ಹಾಕಿ ನೋಡು?’ ತಾವೇ ಹಾಕಿದರು. ಹದಿನಾಲ್ಕು ಬಂತು. ಗೆರೆ ಎಳೆದು, ಮೂರು ಭಾಗ ಮಾಡಿ, ನಡುವಿನ ಭಾಗಕ್ಕೆ ಗೀಟು ಹಾಕಿದರು. ‘ಯಾರು ನಿನಗೆ ಇದನ್ನ ಹೇಳ್ಕೊಟ್ಟಿದ್ದು?’ ರೇವಣಪ್ಪನ ಕೈ ಸರ್ರನೆ ಇಳಿಯಿತು. ಚನ್ನಬಸಪ್ಪ ಕುರ್ಚಿಯಲ್ಲಿ ನೆಟ್ಟಗಾದ. ಮೇಷ್ಟ್ರು ಬೋರ್ಡನ್ನು ನೋಡಿದರು, ಗೆರೆ ನೋಡಿದರು, ಆ ಗೆರೆಯನ್ನು ಮೊದಲೇ ಎಲ್ಲಿ ಕಂಡದ್ದು ಅಂತ ನೆನಪಾಯಿತು. ಅವರ ಮುಖದಿಂದ ರಕ್ತ ಇಳಿದುಹೋದದ್ದು ಹುಲಿಗೆಮ್ಮನಿಗೆ ಕಂಡಿತು.

‘ಮೇಷ್ಟ್ರು ಸರಿಯಾಗೇ ಹೇಳ್ಕೊಟ್ಟಿದ್ರು ಸಾರ್’ ಅಂದಳು. ‘ನನಗೇ ತಲೆಗೆ ಹತ್ತಲಿಲ್ಲ. ಅವ್ರಿಗೆ ಜ್ವರ ಬಂದಾಗ ನಾನೇ ಕ್ಲಾಸಿಗೆ ಲೆಕ್ಕ ಮಾಡಿಸ್ತಿದ್ದೆ. ನಂಗೆ ತಿಳಿದಂಗೆ ತಪ್ಪು ಬರೆಸ್ಬಿಟ್ಟೆ. ಇವ್ರೆಲ್ಲ ನನ್ನ ನೋಡಿ ಬರ್ಕೊಂಡವ್ರೆ.’

ಹುಡುಗರು ಮುಖ ಮುಖ ನೋಡಿಕೊಂಡರು, ಯಾರೂ ಬಾಯಿ ಬಿಡಲಿಲ್ಲ. ಇನ್ಸ್‌ಪೆಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ‘ಏನ್ರೀ ದೇವೀರಪ್ಪ, ಇವಳನ್ನೇನ್ರೀ ನೀವು ಮುಂದೆ ತಂದಿದ್ದು? ತಾನು ಕೆಟ್ಟಿದ್ದಲ್ದೆ ಕ್ಲಾಸಿಗೆ ಕ್ಲಾಸೇ ಕೆಡಿಸಿಟ್ಟಿದ್ದಾಳಲ್ಲ!’ ಹುಲಿಗೆಮ್ಮ ಮೇಷ್ಟ್ರ ಕಡೆ ನೋಡಿದಳು. ಈಗ ಹೇಳುತ್ತಾರೆ, ಇನ್ನೇನು ಹೇಳಿಬಿಡುತ್ತಾರೆ ಅಂತ ಒಂದು ಕ್ಷಣ ಅವಳ ಜೀವ ಕಾದಿತು. ‘ಚೆನ್ನಾಗಿ ಓದ್ತಿದ್ಲು ಸಾರ್...’ ಅಂದರು. ಅಷ್ಟೇ. ಇನ್ಸ್‌ಪೆಕ್ಟರು ರೇವಣಪ್ಪನನ್ನು ಕರೆದು ಬೇರೊಂದು ಲೆಕ್ಕ ಕೊಟ್ಟರು. ಅವನು ಮಾಡಿದ.

ಮನೆಗೆ ಹೋಗುವ ದಾರಿಯಲ್ಲಿ ಕರಿಸಿದ್ದಪ್ಪ ಮಗಳನ್ನು ಬಯ್ಯಲಿಲ್ಲ. ಬಯ್ದಿದ್ದರೇ ಚೆನ್ನಾಗಿತ್ತು. ‘ಹೋಗ್ಲಿ ಬಿಡವ್ವ, ನಮ್ಮಂಥೋರಿಗೆ ಅದೆಲ್ಲ ಎಟುಕೋದಲ್ಲ’ ಅಂದ. ಅಪ್ಪಾ, ನಂಗೆ ಬರ್ತಿತ್ತು ಕಣಪ್ಪ, ನಿನ್ನ ಬೀಟಿನಷ್ಟೇ ಸಲೀಸಾಗಿ ಬರ್ತಿತ್ತು ಅಂತ ಹೇಳಬೇಕು ಅನ್ನಿಸಿತು ಹುಲಿಗೆಮ್ಮನಿಗೆ. ಹೇಳಿದರೆ ಅಪ್ಪ ನೇರ ಶಾಲೆಗೆ ಹೋಗಿ ಕೂಗಾಡುತ್ತಾನೆ. ನುಂಗಿಕೊಂಡಳು.

ಎರಡು ದಿನ ಬಿಟ್ಟು ಸಂಜೆ ಮೇಷ್ಟ್ರು ಬಂದರು, ಅದೇ ಸೈಕಲ್ಲು ತಳ್ಳಿಕೊಂಡು. ಅಪ್ಪ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಹುಲಿಗೆಮ್ಮ ಹಳಿಯ ಪಕ್ಕ ಸೌದೆ ಆಯುತ್ತಿದ್ದಳು. ಅವರನ್ನು ಕಂಡದ್ದೇ ಅವಳ ಎದೆಯಲ್ಲಿ ಆಸೆ ಭಗ್ಗೆಂದಿತು. ಇನ್ಸ್‌ಪೆಕ್ಟರಿಗೆ ನಿಜ ಹೇಳಿ ಬಂದಿರಬೇಕು, ಇಲ್ಲವೇ ಹೇಳಲು ಹೊರಟಿರಬೇಕು, ಇನ್ಯಾಕೆ ಇಷ್ಟು ದೂರ ಬರುತ್ತಾರೆ? ಮೇಷ್ಟ್ರು ಅವಳ ಮುಖ ನೋಡದೆ ಸೈಕಲ್ಲಿಗೆ ಸ್ಟ್ಯಾಂಡು ಹಾಕಿದರು. ಆಮೇಲೆ, ‘ಹುಲಿಗೆಮ್ಮಾ, ಆ ಬೀಟಿನ ಲೆಕ್ಕ ಇನ್ನೊಂದ್ಸಲ ತೋರ್ಸಮ್ಮ. ಹುಡುಗ್ರಿಗೆ ಹೇಳ್ಕೊಡ್ಬೇಕು’ ಅಂದರು.

ಅವಳು ತೋರಿಸಿದಳು. ಕುಕ್ಕರಗಾಲಲ್ಲಿ ಕೂತು ಮಣ್ಣಿನಲ್ಲಿ ಗೆರೆ ಎಳೆದಳು. ಹಳಿ ಬುಡದ ಜಲ್ಲಿಕಲ್ಲು ಎರಡು ತಂದು ಮೂರರ ಮೇಲೊಂದು, ಎಂಟರ ಮೇಲೊಂದು ಇಟ್ಟಳು. ‘ಚಿಹ್ನೆ ಬದ್ಲಾಗೋದು ಕಲ್ಲಲ್ಲಿ ಮಾತ್ರ ಸಾರ್. ಬೀಟಿನೊಳಗೆ ಎಲ್ಲಿ ಇಳಿದು ನೋಡಿದ್ರೂ ಒಂದೇ. ಕಲ್ಲು ಸೇರಲ್ಲ, ಯಾಕಂದ್ರೆ ಅಲ್ಲಿ ಸೊನ್ನೆ.’ ಮೇಷ್ಟ್ರೂ ಪಂಚೆ ಮಡಚಿಕೊಂಡು ಎದುರಿಗೆ ಕೂತಿದ್ದರು, ಹೂಂ ಹೂಂ ಅನ್ನುತ್ತಾ. ಒಂದು ಸಲ ತಪ್ಪಾಗಿ ಕೇಳಿದರು, ಅವಳು ತಿದ್ದಿದಳು. ಅರ್ಥವಾಯಿತು. ಎದ್ದು ನಿಂತು ಅವಳ ತಲೆಯ ಮೇಲೆ ಕೈಯಿಟ್ಟರು. ‘ನಂಗೆ ಇನ್ನೂ ಹತ್ತು ವರ್ಷ ಸರ್ವಿಸ್ ಇದೆ ಕಣಮ್ಮ. ಮೂರು ಹೆಣ್ಮಕ್ಳು’ ಅಂದರು. ಹುಲಿಗೆಮ್ಮ ‘ಹೂಂ ಸಾರ್’ ಅಂದಳು. ಯಲ್ಲಮ್ಮ ಒಳಗಿನಿಂದ ಮಜ್ಜಿಗೆ ತರುವಷ್ಟರಲ್ಲಿ ಅವರು ಸೈಕಲ್ಲು ತಿರುಗಿಸಿಕೊಂಡು ಹೊರಟುಹೋಗಿದ್ದರು. ಅವಳಿಗೆ ಅಳು ಬಂದದ್ದು ಆಗ. ಆ ಎರಡು ಕಲ್ಲನ್ನು ಕಾಲಿಂದ ಒದ್ದು, ಸೌದೆ ಹೊರೆ ಮುಖಕ್ಕೆ ಅಡ್ಡ ಹಿಡಿದು, ಕೇಳುವವರಿಲ್ಲದ ಹಾಗೆ ಅತ್ತಳು.

ಪರೀಕ್ಷೆಯಲ್ಲಿ ಅಂಥದೇ ಲೆಕ್ಕ ಬಂತು. ಅವಳು ತನ್ನ ಹಾಗೇ ಮಾಡಿದಳು. ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಆದರೆ ಆ ಹೊತ್ತಿಗೆ ರೇವಣಪ್ಪನ ಟ್ರಂಕು ಚಿಕ್ಕಮಗಳೂರಿನ ಬಸ್ಸು ಹತ್ತಿತ್ತು, ಹುಲಿಗೆಮ್ಮ ತರೀಕೆರೆ ಕಡೆಯ ಒಂದು ಹಳ್ಳಿಗೆ ಸೊಸೆಯಾಗಿ ಹೋಗಿದ್ದಳು. ಅಲ್ಲಿ ಅತ್ತೆಯ ಹೆಸರೂ ಹುಲಿಗೆಮ್ಮನೇ. ಅತ್ತೆಯ ಹೆಸರು ಹಿಡಿದು ಸೊಸೆಯನ್ನು ಕೂಗುವುದುಂಟೇ? ಮನೆ ತುಂಬಿಸಿಕೊಂಡ ದಿನವೇ ಹೊನ್ನಮ್ಮ ಅಂತ ಕರೆದರು. ತವರಿನವರು ಬಂದಾಗ ಅವರೂ ಆ ಹೊಸ್ತಿಲೊಳಗೆ ಹೊನ್ನಮ್ಮ ಅನ್ನುವುದನ್ನೇ ರೂಢಿ ಮಾಡಿಕೊಂಡರು. ಗಂಡ ಹೊನ್ನಯ್ಯ ಒಳ್ಳೆಯವನೇ. ಹೊನ್ನಯ್ಯ, ಹೊನ್ನಮ್ಮ, ಜೋಡಿ ಚೆನ್ನಾಗಿದೆ ಅಂತ ಊರವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಶಾಲೆಯ ಮಾತು ಅವಳು ಎತ್ತಲಿಲ್ಲ, ಅವರು ಕೇಳಲಿಲ್ಲ. ವರ್ಷಗಳು ಉರುಳಿದವು.

ಹೊನ್ನಯ್ಯನ ತಂಗಿ ಹನುಮಂತಮ್ಮ ಮದುವೆಯ ಹೊತ್ತಿಗೆ ಲಂಗದ ತುದಿ ಬಾಯಲ್ಲಿಟ್ಟುಕೊಂಡು ಓಡಾಡುತ್ತಿದ್ದ ಕೂಸು. ಈಗ ಅವಳೇ ಹತ್ತನೇ ತರಗತಿ. ಅವಳನ್ನು ಓದಿಸಬೇಕು ಅಂತ ಅತ್ತೆಯ ಹತ್ತಿರ ಜಗಳ ಆಡಿದವಳು ಅತ್ತಿಗೆಯೇ. ಒಂದು ಸಂಜೆ ಹುಡುಗಿ ಜಗಲಿಯಲ್ಲಿ ಸ್ಲೇಟು ಇಟ್ಟುಕೊಂಡು ಕೂತಿದ್ದಳು. ಹೊನ್ನಮ್ಮ ಪಕ್ಕದಲ್ಲೇ ರಾಗಿ ಕೇರುತ್ತಿದ್ದಳು. ಸುಮ್ಮನೆ ಆ ಕಡೆ ನೋಡಿದವಳ ಕೈ ಹಾಗೇ ನಿಂತಿತು. ಸ್ಲೇಟಿನ ಮೇಲೆ ಉದ್ದಕ್ಕೊಂದು ಗೆರೆ, ಗೆರೆಗೆ ಅಡ್ಡಡ್ಡ ಸ್ಲೀಪರುಗಳು, ಎರಡು ಕಡೆ ದುಂಡಗೆ ತುಂಬಿದ ಎರಡು ಕಲ್ಲು.

‘ಏನೇ ಅದು?’ ಅಂದಳು.

‘ಅಸಮತೆ ಅತ್ಗೆ. ನಿಂಗೆ ತಿಳಿಯಲ್ಲ ಬಿಡು’ ಅಂದಳು ಹುಡುಗಿ. ಆದರೂ ಹೇಳಿಕೊಡುವ ಉತ್ಸಾಹ ತಡೆಯಲಿಲ್ಲ. ‘ಇದು ರೈಲಿನ ಹಳಿ. ಇದು ಒಬ್ಬ ಮೇಸ್ತ್ರಿ ಬೀಟು, ಇದು ಇನ್ನೊಬ್ಬಂದು. ಒಂದೊಂದು ಬೀಟಲ್ಲಿ ಒಂದು ಕಡೆ ಇಳಿದು ನೋಡಿದ್ರೆ ಸಾಕು. ಈ ವರ್ಷ ಮಠದ ಇನ್ನೊಂದು ಸ್ಕೂಲಿಂದ ವರ್ಗ ಆಗಿ ಬಂದಿದ್ದಾರಲ್ಲ, ದೇವೀರಪ್ಪ ಮೇಷ್ಟ್ರು ಅಂತ, ವಯಸ್ಸಾಗಿದೆ ಪಾಪ, ಅವ್ರು ಹೇಳ್ಕೊಟ್ಟಿದ್ದು. ಆದ್ರೆ ಕಂಡುಹಿಡಿದಿದ್ದು ಅವ್ರಲ್ವಂತೆ. ಅವ್ರ ಹತ್ರ ಓದಿದ ಒಬ್ಳು ಹುಡುಗಿಯಂತೆ. ಅವಳ ಹೆಸ್ರೂ ನಮ್ಮವ್ವಂದೇ ಕಣೇ ಅತ್ಗೆ, ಹುಲಿಗೆಮ್ಮ!’

ಮೊರ ಹೊನ್ನಮ್ಮನ ತೊಡೆಯ ಮೇಲೆ ಇಳಿಯಿತು. ‘ಈಗ ಎಲ್ಲವ್ಳಂತೆ ಅವಳು?’

‘ಮೈಸೂರಲ್ಲಂತೆ. ಮಠದೋರೇ ಓದಿಸಿದ್ರಂತೆ. ಎಂಎಸ್ಸಿ ಮಾಡ್ಕೊಂಡು ದೊಡ್ಡ ಕಾಲೇಜಲ್ಲಿ ಲೆಕ್ಕ ಹೇಳ್ಕೊಡ್ತಾಳಂತೆ. ನೀವೂ ಹಂಗಾಗ್ಬೇಕು ಅಂತ ಹೆಣ್ಮಕ್ಕಳಿಗೆಲ್ಲ ಹೇಳ್ತಾರೆ. ಹೇಳ್ವಾಗ ಬೋರ್ಡಿನ ಕಡೆ ತಿರುಗ್ಕೊಂಡ್ಬಿಡ್ತಾರೆ ಅತ್ಗೆ, ಕಣ್ಣು ಒರೆಸ್ಕೊಳ್ತಾರೆ.’ ಹುಡುಗಿ ಬಳಪ ಕಚ್ಚಿಕೊಂಡಳು. ‘ಆದ್ರೆ ಗಂಡುಹುಡುಗ್ರು ನಗ್ತಾರೆ. ಮೇಷ್ಟ್ರು ಬರೀ ಬುರುಡೆ ಬಿಡ್ತಾರೆ, ಗ್ಯಾಂಗ್‌ಮನ್ ಮಗಳು ಎಲ್ಲಾದ್ರೂ ಪ್ರೊಫೆಸರ್ ಆಗ್ತಾಳಾ ಅಂತಾರೆ. ನೀನೂ ಆ ಹೊಸಕಟ್ಟೆ ಕಡೆಯೋಳೇ ಅಲ್ವಾ? ಅಂಥೋಳು ಇದ್ದಿದ್ದು ನಿಜವಾ?’

ಹೊನ್ನಮ್ಮನಿಗೆ ಎಲ್ಲ ಒಟ್ಟಿಗೆ ನುಗ್ಗಿಬಂತು: ಆ ಬೋರ್ಡು, ಆ ಅರ್ಧ ಎತ್ತಿದ ಕೈ, ಕುಡಿಯದೆ ಹೋದ ಮಜ್ಜಿಗೆ. ಇಷ್ಟು ವರ್ಷ ಆ ಮುದುಕ ಊರೂರಿನ ಮಕ್ಕಳ ಮುಂದೆ ಅವಳನ್ನು ಓದಿಸುತ್ತಲೇ ಬಂದಿದ್ದಾನೆ, ಎಂಎಸ್ಸಿವರೆಗೆ. ಸಿಟ್ಟೂ ಬಂತು, ದುಃಖವೂ ಬಂತು. ನಾನೇ ಕಣೇ ಅವಳು ಅನ್ನಬಹುದಿತ್ತು. ಅಂದರೆ ನಾಳೆ ಶಾಲೆಯಲ್ಲಿ ಮಾತು ಹರಡುತ್ತದೆ, ಮೇಷ್ಟ್ರು ಬುರುಡೆಯವರೇ ಆಗಿಬಿಡುತ್ತಾರೆ.

‘ನಿಜ ಕಣೇ’ ಅಂದಳು. ‘ಮೇಷ್ಟ್ರು ಹೇಳಿದ್ದೆಲ್ಲ ನಿಜ. ನಮ್ಮ ಕಡೆ ಎಲ್ರಿಗೂ ಗೊತ್ತು. ಮೈಸೂರಲ್ಲೇ ಅವ್ಳೆ. ಹುಡುಗ್ರಿಗೆ ಹಂಗೇ ಹೇಳು.’

‘ನೀನು ಅವಳನ್ನ ನೋಡಿದ್ಯಾ ಅತ್ಗೆ?’

‘ಚಿಕ್ಕೋಳಿದ್ದಾಗ ನೋಡಿದ್ದೆ. ಆಮೇಲೆ ನೋಡಿಲ್ಲ.’

ಒಳಗಿನಿಂದ ಅತ್ತೆ ‘ಹೊನ್ನಮ್ಮಾ’ ಅಂತ ಕೂಗಿದರು. ಅವಳು ಮೊರ ಎತ್ತಿಕೊಂಡು ಎದ್ದಳು. ಎದ್ದವಳು ಬಗ್ಗಿ ಸ್ಲೇಟಿನ ಮೇಲೆ ಹುಡುಗಿ ಬಳಪದಿಂದ ತುಂಬಿಟ್ಟಿದ್ದ ಎರಡೂ ಕಲ್ಲಿನ ಒಳಗನ್ನು ಸೆರಗಿನ ತುದಿಯಿಂದ ಒರೆಸಿ, ಸುತ್ತಿನ ಗೆರೆ ಮಾತ್ರ ಉಳಿಸಿ ಖಾಲಿ ಮಾಡಿದಳು.

‘ಕಲ್ಲು ಸೇರಲ್ಲ ಕಣೇ’ ಅಂದಳು. ‘ಅಲ್ಲಿ ಸೊನ್ನೆ.’